ಅಳಿಸಿಹೋದ ‘ಬತ್ತೀನಿ’

ನಮ್ಮ ರಾಕ್ ಬ್ಯಾಂಡಿನ ಮೊದಲ ಆಲ್ಬಮ್ಮಿಗೆ ಒಂದೇ ಹಾಡು ಬಾಕಿಯಿತ್ತು. ಹಾಡುವವನಿಗೆ ಗಂಟಲ ಕ್ಯಾನ್ಸರ್. ಇನ್ನು ಹತ್ತು ದಿನಕ್ಕೆ ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತೇವೆಂದು ಡಾಕ್ಟರು ಹೇಳಿಯಾಗಿತ್ತು. ನಾನು ಬೇಸ್ ಗಿಟಾರಿನವನು. ಗಡಿಯ ತಮಿಳು ಸೀಮೆಯೊಳಗಿನ ಮೂಕಂಡಪಲ್ಲಿಯ ಫ್ಯಾಕ್ಟರಿಯಲ್ಲಿ ಅವನ ಪಕ್ಕದ ಮೆಷಿನ್ನಿನವನು. ಉದ್ದನಪಲ್ಲಿಯ ಅವನ ಮನೆಯ ಹಿಂದೆ ರೇಷ್ಮೆಹುಳು ಸಾಕುವ ಶೆಡ್ಡಿದೆ. ಹುಳು ಇಲ್ಲದ ದಿನಗಳಲ್ಲಿ ನಮ್ಮ ಗಲಾಟೆಯೆಲ್ಲ ಅಲ್ಲೇ. ಆ ಕೊನೆಯ ಹಾಡು ಹುಟ್ಟಿದ್ದೂ ಅಲ್ಲೇ.

ನಮ್ಮ ಕಡೆ ಹೊರಡುವಾಗ ‘ಹೋಗ್ತೀನಿ’ ಅನ್ನಬಾರದು. ತಿರುಗಿ ಬಾರದವರ ಮಾತದು. ಫ್ಯಾಕ್ಟರಿಗೆ ಹೊರಟ ಮಗನೂ ‘ಬತ್ತೀನಿ ಕಣವ್ವಾ’ ಅನ್ನಲೇಬೇಕು. ಆ ಮಾತೇ ಅವನ ಹಾಡಿನ ಪಲ್ಲವಿ.

ಬೆಂಗಳೂರಿನ ಸ್ಟುಡಿಯೋದಲ್ಲಿ ಒಂದೇ ಸಲಕ್ಕೆ ಹಾಡಿದ. ದನಿ ಒಡೆದಿತ್ತು, ಆದರೂ ನನ್ನ ಮೈ ಜುಮ್ಮೆಂದಿತು. ರೆಕಾರ್ಡ್ ಮಾಡುವವನು ನಕ್ಕ. “ಬತ್ತೀನಿ ಅಂದ್ರೆ? ಕೆರೆ ಬತ್ತುತ್ತಲ್ಲ, ಹಾಗಾ?”

ಅವನ ಮೇಲೆ ಯಾಕೆ ಸಿಟ್ಟು, ತಪ್ಪು ನನ್ನದೇ. ತಮಿಳಲ್ಲಿ ಓದಿದವನು ನಾನು. ಗಡಿಯ ಜೂಜುವಾಡಿ ದಾಟಿ ಬೆಂಗಳೂರಿನ ಕಡೆ ಬಂದೊಡನೆ ನನ್ನ ಕನ್ನಡ ಬಾಲ ಮುದುರಿಕೊಳ್ಳುತ್ತದೆ.

“ಬರುವೆನು ಅಂತ ಹಾಡು ಕಣ್ಲಾ, ನಾಕ್ ಜನ ಕೇಳೋದು” ಎಂದೆ.

“ನಮ್ಮವ್ವ ಕೇಳ್ತಾಳೆ, ಸಾಕು ಬುಡ್ಲಾ” ಅಂದ.

ನಾನು ಬಿಡಲಿಲ್ಲ. ವಾದಿಸಲು ಅವನಿಗೆ ಗಂಟಲಿರಲಿಲ್ಲ. ಇನ್ನೊಂದು ಸಲ ಹಾಡಿದ. ಮೊದಲನೆಯದನ್ನು ಅಳಿಸಲಾ ಎಂದು ರೆಕಾರ್ಡ್ ಮಾಡುವವನು ಕೇಳಿದಾಗ ಹೂಂ ಅಂದವನೂ ನಾನೇ.

ಆಲ್ಬಮ್ ಬಿಡುಗಡೆಯಾದ ಬೆಳಿಗ್ಗೆ ಅದೇ ಶೆಡ್ಡಿನಲ್ಲಿ ಫೋನಿನಲ್ಲಿ ಹಾಕಿದೆ. ಆಪರೇಷನ್ ಮುಗಿಸಿ ಬಂದಿದ್ದ ಅವನು ಎದುರಿಗೆ ಕೂತಿದ್ದ. ಅವನ ಅವ್ವ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸಿ ಕಿವಿಗೊಟ್ಟಳು. ಹಾಡು ಮುಗಿಯಿತು.

“ಚಂದಾಗೈತೆ. ಯಾರಪ್ಪಾ ಹಾಡಿದ್ದು?”

ನಾನು ಅವನ ಕಡೆ ಕೈ ತೋರಿಸಿದೆ. “ನಿನ್ ಮಗನೇ ಕಣವ್ವಾ.”

“ಅವ್ನು ಯಾವತ್ತು ಬರುವೆನು ಅಂದವ್ನೆ? ಬತ್ತೀನಿ ಅಂದಿರೋದು ಹಾಕಪ್ಪಾ. ಅದನ್ನ ಕೇಳ್ಬೇಕು ನಾನು.”

ಅವನು ಕತ್ತಿನ ಬ್ಯಾಂಡೇಜು ಮುಟ್ಟಿಕೊಂಡು ನನ್ನನ್ನು ನೋಡಿದ. ಕಣ್ಣಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಅಂಗಳಕ್ಕೆ ಓಡಿ ಸ್ಟುಡಿಯೋಗೆ ಫೋನ್ ಮಾಡಿದೆ. ಬೇಡಿಕೊಂಡೆ, ಅತ್ತೆ. ಅಳಿಸಿದ್ದು ಅಳಿಸಿದ್ದೇ, ಇನ್ನೆಲ್ಲೂ ಇಲ್ಲ ಅಂದರು.

ಹೊರಡುವಾಗ ಅವ್ವ ಬಾಗಿಲಿಗೆ ಬಂದು ನಿಂತಳು. ಬತ್ತೀನಿ ಅನ್ನಲು ನನಗೆ ಬಾಯಿ ಬರಲಿಲ್ಲ. ಸುಮ್ಮನೆ ಬೈಕ್ ಹತ್ತಿದೆ.