ನಾನು ಉತ್ತು ನುಂಗಿದ ಬಂಡಿದಾರಿ

ಎಪ್ಪತ್ತೊಂದು ವರ್ಷದ ಮನುಷ್ಯ ಬೆಳಗಿನ ಹೊತ್ತು ಕೆರೆ ಏರಿಯ ಇಳಿಜಾರಿನಲ್ಲಿ ಬ್ರೇಕ್ ಬಿಟ್ಟು, ಎರಡೂ ಕಾಲು ಅಗಲಿಸಿ, ಕೂಗಿಕೊಂಡು ಸೈಕಲ್ ಮೇಲೆ ಇಳಿಯಬಾರದು ಎಂಬುದು ನನ್ನ ಹೆಂಡತಿಯ ಅಭಿಪ್ರಾಯ. "ಬಿದ್ರೆ ನಾನ್ ಎತ್ತಲ್ಲ ಕಣ್ರೀ" ಎಂದು ಪ್ರತಿ ಶನಿವಾರ ರಾತ್ರಿ ಹೇಳುತ್ತಾಳೆ. ಭಾನುವಾರ ನಾನು ಎದ್ದೇಳುವ ಮೊದಲೇ ಬಾಟಲಿಗೆ ನೀರು ತುಂಬಿಟ್ಟಿರುತ್ತಾಳೆ.

ನನಗೆ ಈ ಹುಚ್ಚು ಹಿಡಿಸಿದವನು ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯ. ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತು ಆಯುಷ್ಯ ಸವೆಸಿ, ನಿವೃತ್ತನಾಗಿ ಶೆಟ್ಟಿಹಳ್ಳಿಯಲ್ಲಿದ್ದಾನೆ. ನಾನು ಅಮೃತಹಳ್ಳಿಯವನು. ದಪ್ಪ ಟೈರಿನ, ಗೇರಿನ ಹಳೆಯ ಸೈಕಲ್ ಎರಡನ್ನು ಎಲ್ಲಿಂದಲೋ ತಂದು, ಬಿಚ್ಚಿ, ಎಣ್ಣೆ ಬಿಟ್ಟು, ಒಂದನ್ನು ನನಗೆ ಕೊಟ್ಟ. ಮಂಡಿನೋವು ಎಂದೆ. "ಮಂಡಿಗೂ ಮನೇಲಿ ಕೂತು ಬೇಜಾರಾಗಿರುತ್ತೆ ಗುರು, ಕರ್ಕೊಂಡು ಬಾ" ಎಂದ.

ಬೆಳಗಿನ ಐದೂವರೆಗೆ ಯಲಹಂಕದಲ್ಲಿ ಸೇರುತ್ತೇವೆ. ರಾಜಾನುಕುಂಟೆಯ ಕಡೆ ಸ್ವಲ್ಪ ದೂರ ಹೋಗಿ ಟಾರು ಬಿಟ್ಟು ಎಡಕ್ಕೆ ಹೊರಳಿದರೆ ಗರಸುಮಣ್ಣಿನ ದಾರಿ. ಆಮೇಲೆ ಲಾರಿ ಇಲ್ಲ, ಹಾರನ್ ಇಲ್ಲ, ಸಿಗ್ನಲ್ ಇಲ್ಲ. ಟೈರಿನ ಕೆಳಗೆ ಗರಸು ಹುರಿಗಡಲೆ ಅಗಿದಂತೆ ಸದ್ದು ಮಾಡುತ್ತದೆ. ಮೊದಲನೆಯ ಕೆರೆಯ ಏರಿ, ಕೋಡಿ ದಾಟಿ ಹೊಂಗೆಯ ತೋಪು, ಅದರಾಚೆ ಎರಡನೆಯ ಕೆರೆ. ಅಲ್ಲಿ ನೀರುಕಾಗೆಗಳು ರೆಕ್ಕೆ ಹರವಿ ಕೂತು ನಮ್ಮನ್ನು ನೋಡುತ್ತವೆ. ಮೊದಲ ದಿನ ಆ ಇಳಿಜಾರಿನಲ್ಲಿ ನನ್ನ ಬಾಯಿಂದ ಬಂದ ಕೂಗು ನನಗೇ ಗುರುತು ಸಿಗಲಿಲ್ಲ. ಗೆಳೆಯ ಹಿಂದಿನಿಂದ, "ಯಾರೋ ಅದು, ಎಮ್ಮೆ ಬಂತಾ?" ಎಂದ. ನಗು ತಡೆಯಲಾರದೆ ಇಬ್ಬರೂ ಸೈಕಲ್ ನಿಲ್ಲಿಸಿ ಏರಿಯ ಮೇಲೆ ಕೂತುಬಿಟ್ಟೆವು. ಇನ್ನೇನು ಮುಗಿಯಿತು ಎನ್ನುವಷ್ಟರಲ್ಲಿ ಅವನು ಮತ್ತೆ "ಎಮ್ಮೆ" ಎನ್ನುವನು, ಮತ್ತೆ ನಗು.

ಎರಡನೆಯ ಕೆರೆಯಾದ ಮೇಲೆ ಕಾಡು ಶುರುವಾಗಬೇಕು. ಜಾಲಿ, ತಂಗಡಿ, ನೀಲಗಿರಿ, ನಡುವೆ ಕೆಂಪು ದಾರಿ, ಒಮ್ಮೊಮ್ಮೆ ನವಿಲು. ಆದರೆ ಕೆರೆಗೂ ಕಾಡಿಗೂ ನಡುವೆ ಒಂದು ಹೊಲ. ಹೊಲಕ್ಕೆ ಕಲ್ಲುಕಂಬ, ಮುಳ್ಳುತಂತಿ. ದಾರಿ ಅಲ್ಲಿಗೆ ನಿಂತುಹೋಗುತ್ತದೆ. ಹಿಂದಿರುಗಿ, ಟಿಪ್ಪರುಗಳು ಓಡಾಡುವ ಟಾರು ರಸ್ತೆ ಹಿಡಿದು ಬಳಸಿಕೊಂಡು ಕಾಡಿನ ಇನ್ನೊಂದು ಬದಿಗೆ ಸೇರಬೇಕು.

ಗೆಳೆಯ ಫೋನಿನಲ್ಲಿ ಗ್ರಾಮದ ನಕಾಶೆ ತೆಗೆದು ತೋರಿಸಿದ. "ನೋಡು, ಜೋಡಿ ಚುಕ್ಕೆಗೆರೆ. ಇದು ಬಂಡಿದಾರಿ. ನೇರ ಕಾಡಿಗೆ ಹೋಗುತ್ತೆ. ಯಾವನೋ ಮಹಾನುಭಾವ ದಾರೀನೇ ನುಂಗಿ ನೀರ್ ಕುಡಿದವ್ನೆ."

"ಎಂಥಾ ಹೊಟ್ಟೆ ಇರಬೇಕು ಅವನಿಗೆ" ಎಂದೆ ನಾನು.

"ಬಂಡಿ ಹೋಗೋಷ್ಟು ದೊಡ್ಡದು."

"ಅಂಥವನಿಗೆ ಸತ್ತ ಮೇಲೂ ದಾರಿ ಸಿಗಲ್ಲ ಬಿಡು."

"ನಿನ್ ಬಾಯಲ್ಲಿ ಬೈಗುಳ ಚೆನ್ನಾಗ್ ಬರುತ್ತೆ ಕಣೋ" ಎಂದು ಗೆಳೆಯ ಬೆನ್ನು ತಟ್ಟಿದ. ಅಂದಿನಿಂದ ಪ್ರತಿ ಭಾನುವಾರ ಆ ಬೇಲಿಯ ಮುಂದೆ ನಿಂತು ಹೊಲದವನನ್ನು ಬೈಯುವುದು ನಮಗೊಂದು ಪದ್ಧತಿಯಾಯಿತು. ಅವನು ಒಂದು ಬೈದರೆ ನಾನು ಎರಡು ಬೈಯುತ್ತಿದ್ದೆ.

ಆ ಹೊಲ ನನ್ನದು.

ಇದನ್ನು ಹೇಳಲೆಂದೇ ಇಷ್ಟು ಬರೆದೆ. ತಾಯಿಯ ತವರಿನ ಕಡೆಯಿಂದ ನನಗೆ ಬಂದ ಭೂಮಿ ಅದು. ಆದ್ದರಿಂದ ಗೆಳೆಯನಿಗೆ ಗೊತ್ತಿರಲಿಲ್ಲ. ದಾರಿಯನ್ನು ನಾನು ಒಂದೇ ದಿನದಲ್ಲಿ ಮುಚ್ಚಲಿಲ್ಲ. ಹಾಗೆ ಮುಚ್ಚಿದ್ದರೆ ಊರವರು ಬಿಡುತ್ತಿರಲಿಲ್ಲ. ಪ್ರತಿ ವರ್ಷ ಮೊದಲ ಮಳೆಯಾದ ಮೇಲೆ ಉಳುವಾಗ ಬದುವಿನಾಚೆ ಒಂದೇ ಒಂದು ಸಾಲು ಹೆಚ್ಚು ಎಳೆಯುತ್ತಿದ್ದೆ. ಒಂದು ಸಾಲು ಎಂದರೆ ಒಂದು ಗೇಣು. ಯಾರ ಕಣ್ಣಿಗೂ ಬೀಳುವುದಿಲ್ಲ, ಯಾರಾದರೂ ಕೇಳಿದರೆ ಎತ್ತು ಎಳೆದುಬಿಟ್ಟವು ಎನ್ನಬಹುದು. ಹದಿನಾಲ್ಕು ಮಳೆಗಾಲದಲ್ಲಿ ದಾರಿ ಕಾಲುದಾರಿಯಾಯಿತು, ಕಾಲುದಾರಿಯ ಮೇಲೆ ರಾಗಿ ಬೆಳೆಯಿತು. ಆಚೆ ಹೊಲದ ಸಂಸಾರವೊಂದರ ಬಂಡಿ ಒಂದು ಸುಗ್ಗಿಯಲ್ಲಿ ಬಂದು ನನ್ನ ಪೈರಿನ ಮುಂದೆ ನಿಂತಿತು. ಬಂಡಿಯವನು ದಾರಿ ಕೇಳಿದ. "ಎಲ್ಲಿತ್ತು ದಾರಿ, ತೋರಿಸಿ" ಎಂದೆ. ತೋರಿಸಲು ಏನೂ ಉಳಿದಿರಲಿಲ್ಲ. ಅವರು ಆ ವರ್ಷ ರಾಗಿಯ ಹೊರೆಗಳನ್ನು ತಲೆಯ ಮೇಲೆ ಹೊತ್ತು ಕೆರೆ ಸುತ್ತಿ ಹೋದರು. ನಾನು ಬದುವಿನ ಮೇಲೆ ಕೂತು ಬೀಡಿ ಸೇದುತ್ತಾ ನೋಡಿದೆ. ಮರುವರ್ಷ ಕಲ್ಲುಕಂಬ ನೆಡಿಸಿದೆ.

ಅದೇ ಹೊಲದ ಮುಂದೆ ನಿಂತು, ನಗುತ್ತಾ, ನನ್ನನ್ನು ನಾನೇ ಬೈದುಕೊಳ್ಳುವಾಗ ಒಂದು ವಿಚಿತ್ರ ಸುಖವಿತ್ತು. ಹೇಳಿಯೂ ಆಯಿತು, ಸಿಕ್ಕಿಬೀಳಲೂ ಇಲ್ಲ. ಎಷ್ಟೋ ಭಾನುವಾರ ಹಾಗೆಯೇ ಕಳೆದವು.

ಆಮೇಲೆ ಗೆಳೆಯ ಬಿದ್ದ. ಬೇಲಿ ಬಳಸಿಕೊಂಡು ಟಾರು ರಸ್ತೆಯಲ್ಲಿ ಹೋಗುತ್ತಿದ್ದಾಗ ಟಿಪ್ಪರೊಂದು ಮೈಗೆ ತಾಗಿದಂತೆ ಪಕ್ಕದಲ್ಲೇ ಹಾದುಹೋಯಿತು. ಅವನು ತಪ್ಪಿಸಿಕೊಳ್ಳಲು ಹೋಗಿ ಮೋರಿಗೆ ಇಳಿದ. ಬಲಗೈ ಮೂಳೆ ಬಿರುಕು ಬಿಟ್ಟಿತು. ಮೋರಿಯಲ್ಲಿ ಕೂತೇ ಅವನು, "ಈ ಸಲ ಎಮ್ಮೆ ನಾನೇ" ಎಂದ. ಅವತ್ತು ನಾನು ನಗಲಿಲ್ಲ.

ಮುಂದಿನ ಶನಿವಾರ ನೋಡಲು ಹೋದಾಗ ಕೈಗೆ ಜೋಳಿಗೆ ಕಟ್ಟಿಕೊಂಡು ಕೂತಿದ್ದ. ಟೀಪಾಯಿಯ ಮೇಲೆ ಬಿಳಿ ಹಾಳೆ, ಪೆನ್ನು.

"ನಿನ್ ಅಕ್ಷರ ಮುತ್ತು ಗುರು, ನೀನ್ ಬರಿ. ತಹಶೀಲ್ದಾರರಿಗೆ ಅರ್ಜಿ. ನಾನ್ ಹೇಳ್ತೀನಿ."

ಬರೆದೆ. ಅವನು ಹೇಳಿದ್ದಕ್ಕಿಂತ ಚೆನ್ನಾಗಿಯೇ ಬರೆದೆ. ಕೆರೆಯಿಂದ ಕಾಡಿಗೆ ಹೋಗುವ ನಕಾಶೆ ದಾರಿ, ಸಾರ್ವಜನಿಕರಿಗೆ ತೊಂದರೆ, ತೆರವು ಮಾಡಿಸಿಕೊಡಬೇಕು. ಕೊನೆಗೆ, ಒತ್ತುವರಿ ಮಾಡಿರುವ ಶ್ರೀ ಇಂಥವರು ಬಿನ್ ಇಂಥವರು ಎಂಬಲ್ಲಿಗೆ ಬಂತು.

"ಅಲ್ಲಿ ಜಾಗ ಬಿಡು. ಸೋಮವಾರ ಪಹಣಿ ತೆಗೆಸ್ತೀನಿ, ಹೆಸರು ಸಿಗುತ್ತೆ. ಆವಾಗ ತುಂಬಿಸೋಣ" ಎಂದು ಅವನು ಕಾಫಿ ಹೇಳಲು ಒಳಗೆ ಹೋದ.

ಪಹಣಿ ಹೇಳುವುದಕ್ಕಿಂತ ಮೊದಲು ನಾನೇ ಹೇಳಬೇಕು ಅನ್ನಿಸಿತು. ಬಾಯಲ್ಲಿ ಹೇಳುವ ಧೈರ್ಯ ಇರಲಿಲ್ಲ. ಬಿಟ್ಟ ಜಾಗದಲ್ಲಿ ನನ್ನ ಹೆಸರು ಬರೆದೆ, ಬಿನ್ ಎಂದು ನಮ್ಮಪ್ಪನ ಹೆಸರು ಬರೆದೆ.

ಅವನು ಬಂದು ಕನ್ನಡಕ ಹಾಕಿಕೊಂಡು ಓದಿದ. ನಮ್ಮಪ್ಪನನ್ನು ಬಲ್ಲವನು ಅವನು; ನಮ್ಮ ಮನೆಯಲ್ಲಿ ಉಂಡವನು. ಹಾಳೆಯನ್ನು ಮೇಲಿಂದ ಇನ್ನೊಮ್ಮೆ ಓದಿದ. ನಾನು ನೆಲ ನೋಡುತ್ತಾ ಸಾಲು ಎಳೆದದ್ದು, ಬಂಡಿ ನಿಂತದ್ದು, ಎಲ್ಲವನ್ನೂ ಹೇಳಿದೆ.

ಅವನು ಕನ್ನಡಕ ತೆಗೆದು, "ಸತ್ತ ಮೇಲೂ ದಾರಿ ಸಿಗಲ್ಲ ಅಂದಿದ್ದು ಯಾರು?" ಎಂದ.

"ನಾನೇ."

"ನಾನ್ ಅಷ್ಟು ದೂರ ಹೋಗಿರ್ಲಿಲ್ಲಪ್ಪ."

ನಾನು ಧೈರ್ಯ ತಂದುಕೊಂಡು, "ಕಲ್ಲು ಎಲ್ಲಾ ನಾನೇ ಕಿತ್ತುಬಿಡ್ತೀನಿ. ಅರ್ಜಿ ಹರಿದುಹಾಕು" ಎಂದೆ.

"ಕಲ್ಲು ಕೀಳು. ಅರ್ಜಿನೂ ಹೋಗುತ್ತೆ. ನೀನ್ ಹೋದ್ಮೇಲೆ ನಿನ್ ಮಕ್ಕಳು ಅಲ್ಲಿ ಸೈಟ್ ಮಾಡಲ್ಲ ಅಂತ ಏನ್ ಗ್ಯಾರಂಟಿ? ಕೆಳಗೆ ಸೈನ್ ಹಾಕು."

ಅದನ್ನು ತಪ್ಪಿಸಿಕೊಳ್ಳಬಹುದೆಂದು ಕೊನೆಯ ಗಳಿಗೆಯವರೆಗೂ ಆಸೆಪಟ್ಟಿದ್ದೆ. ಕಾಗದದ ಮೇಲೆ ಉಳಿಯದ ತಪ್ಪನ್ನು ಒಪ್ಪಿಕೊಳ್ಳುವುದು ಸುಲಭ. 'ಮೇಲೆ ಬರೆದದ್ದು ನಿಜ' ಎಂದು ಸೇರಿಸಿ ಸಹಿ ಹಾಕಿದೆ. ಸೋಮವಾರ ತಹಶೀಲ್ದಾರರ ಕಚೇರಿಯ ಗುಮಾಸ್ತ ಅದನ್ನು ಓದಿ, "ಅರ್ಜಿದಾರರು ಯಾರು, ಒತ್ತುವರಿದಾರರು ಯಾರು ಸ್ವಾಮಿ? ಇಬ್ಬರೂ ಒಟ್ಟಿಗೇ ಬಂದಿದ್ದೀರಾ?" ಎಂದು ತಲೆ ಕೆರೆದುಕೊಂಡ. ಮನೆಯಲ್ಲಿ ಮಕ್ಕಳು ವಾರಗಟ್ಟಲೆ ಮಾತು ಬಿಟ್ಟರು. ಆಚೆ ಹೊಲದ ಸಂಸಾರ ಎಂದೋ ಭೂಮಿ ಮಾರಿ ಹೋಗಿತ್ತು. ಎಲ್ಲಿಗೆಂದು ಯಾರಿಗೂ ಗೊತ್ತಿರಲಿಲ್ಲ. ಅವರ ಮುಂದೆ ಹೇಳಬೇಕಾದ್ದು ಹಾಗೇ ಉಳಿದಿದೆ.

ಸರ್ವೆಯವರು ಬಂದು ಅಳತೆ ಮಾಡಿ ದಾರಿಯ ಎರಡೂ ಬದಿಗೆ ಗುರುತಿನ ಕಲ್ಲು ಹಾಕಿದರು. ನನ್ನ ಕಂಬಗಳನ್ನು ಹಾರೆ ಹಿಡಿದು ನಾನೇ ಕಿತ್ತೆ. ಗೆಳೆಯ ಹೊಂಗೆಯ ನೆರಳಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಾ ಮೇಸ್ತ್ರಿಗಿರಿ ಮಾಡಿದ. "ನೆಡಿಸುವಾಗ ಇಷ್ಟು ಬೆವರು ಬಂದಿತ್ತಾ?" ಎಂದ. "ಕೂಲಿಯವರು ನೆಟ್ಟಿದ್ದು ಕಣೋ" ಎಂದರೆ, "ಅದಕ್ಕೇ ಇಷ್ಟು ಗಟ್ಟಿ" ಎಂದ.

ಅವನ ಕೈ ವಾಸಿಯಾದ ಮೊದಲ ಭಾನುವಾರ ಹೊರಟೆವು. ಕೆರೆ, ತೋಪು, ಕೆರೆ; ಎಲ್ಲೂ ಹಿಂದಿರುಗದೆ ಸೀದಾ ಕಾಡಿಗೆ. ಹೊಲದ ಭಾಗದಲ್ಲಿ ಮಣ್ಣು ಇನ್ನೂ ಮೆತ್ತಗಿತ್ತು. ಸೈಕಲ್ಲು ಕುಡಿದವನಂತೆ ವಾಲಾಡಿತು. ಕಾಡಿನ ತಂಪು ಮುಖಕ್ಕೆ ಬಡಿದಾಗ ನನಗೆ ಮತ್ತೆ ಆ ಕೂಗು ಬಂತು, ಅವನಿಗೂ ಬಂತು. ನವಿಲೊಂದು ಹೆದರಿ ಪೊದೆಯಿಂದ ಹಾರಿತು.

ಈಗ ಎಲ್ಲ ಕಡೆ ಅಕ್ಕಪಕ್ಕ ಹೋಗುತ್ತೇವೆ. ಆ ಹೊಲದ ಉದ್ದಕ್ಕೆ ಮಾತ್ರ ಅವನು ನನ್ನನ್ನು ಮುಂದೆ ಬಿಡುವುದಿಲ್ಲ.

"ಹಿಂದೆ ಬಾರೋ. ನಿನ್ನನ್ನ ಮುಂದೆ ಬಿಟ್ರೆ ನಾನ್ ಬರೋಷ್ಟರಲ್ಲಿ ದಾರಿ ಇರುತ್ತೋ ಇಲ್ವೋ."

ಹಿಂದೆಯೇ ಹೋಗುತ್ತೇನೆ. ಅವನು ಎಬ್ಬಿಸುವ ಕೆಂಪು ಧೂಳು ಬಾಯಿಗೆ ಬರುತ್ತದೆ. ನಗುತ್ತಿರುವುದರಿಂದ ಬಾಯಿ ಮುಚ್ಚಲಾಗುವುದಿಲ್ಲ.