ಜೇಬಿನಲ್ಲಿದ್ದ ಜೆಟ್ಟು

ಹೆಂಡತಿಯ ಮೇಲೆ ನನಗೆ ಹೊಟ್ಟೆಕಿಚ್ಚು ಹುಟ್ಟಿದ್ದು ಮದುವೆಯಾಗಿ ಹನ್ನೊಂದು ವರ್ಷವಾದ ಮೇಲೆ, ಅದೂ ನಮ್ಮಪ್ಪನ ದೆಸೆಯಿಂದ. ಬಾಯಿಬಿಟ್ಟು ಹೇಳಿದರೆ ಜನ ನಕ್ಕಾರು ಎಂದು ಇಷ್ಟು ದಿನ ನುಂಗಿಕೊಂಡಿದ್ದೆ.

ಅಪ್ಪ ಶಹಾಬಾದಿನಲ್ಲಿ, ನೆಲಕ್ಕೆ ಹಾಸುವ ಫರಸಿಕಲ್ಲಿನ ಖಣಿಗಳಲ್ಲಿ ಇಂಜಿನ್ ರಿಪೇರಿ ಮಾಡಿಕೊಂಡೇ ಆಯುಷ್ಯ ಕಳೆದವರು. ಕೆಲಸ ಬಿಟ್ಟ ಮೇಲೆ ಚಿತ್ತಾಪುರದ ನಮ್ಮ ಮನೆಗೆ ಬಂದರು. ನಾನು ಇಲ್ಲಿಯ ಕೋರ್ಟಿನಲ್ಲಿ ಗುಮಾಸ್ತ. ಅಪ್ಪನದು ಸುಮ್ಮನೆ ಕೂರುವ ಜೀವವಲ್ಲ. ಪಡಸಾಲೆಯಲ್ಲಿ ಒಂದು ಗೋಣಿತಟ್ಟು ಹಾಸಿಕೊಂಡು ಔಷಧ ಹೊಡೆಯುವ ಪಂಪು, ಹುಲ್ಲು ಕೊಯ್ಯುವ ಯಂತ್ರ, ಹಳೆಯ ಮೊಪೆಡ್ಡು ಇವುಗಳ ಕಾರ್ಬೊರೇಟರ್ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿ ಕೊಡತೊಡಗಿದರು. ಕಾರ್ಬೊರೇಟರ್ ಎಂದರೆ ಅಂಗೈಯಲ್ಲಿ ಹಿಡಿಸುವ ಲೋಹದ ಡಬ್ಬಿ. ಪೆಟ್ರೋಲಿಗೆ ಗಾಳಿಯನ್ನು ಹದವಾಗಿ ಬೆರೆಸಿ ಇಂಜಿನ್ನಿಗೆ ಉಣಿಸುವುದು ಅದರ ಕೆಲಸ. ಯಂತ್ರವನ್ನು ಆರು ತಿಂಗಳು ಮೂಲೆಗಿಟ್ಟರೆ ಒಳಗಿನ ಪೆಟ್ರೋಲು ಆರಿ ಬೆಲ್ಲದ ಪಾಕದಂತೆ ಅಂಟಾಗುತ್ತದೆ. ಜೆಟ್ಟು ಅನ್ನುವ ಹಿತ್ತಾಳೆಯ ಚೂರೊಂದು ಅದರೊಳಗಿರುತ್ತದೆ, ಕಡಲೆಕಾಳಿನಷ್ಟು ದೊಡ್ಡದು. ಅದರ ನಡುವಿನ ಕೂದಲೆಳೆಯಂಥ ತೂತು ಮುಚ್ಚಿತೆಂದರೆ ಇಂಜಿನ್ ಕೆಮ್ಮಿ ಕೆಮ್ಮಿ ನಿಲ್ಲುತ್ತದೆ.

ಬರಬರುತ್ತ ಅಪ್ಪನ ಬೆರಳು ನಡುಗತೊಡಗಿದವು. ಒಂದು ಭಾನುವಾರ ಅವರ ಪಕ್ಕದಲ್ಲೇ, ಕೈಗೆಟಕುವಷ್ಟು ಹತ್ತಿರ, ನಾನು ಪೇಪರ್ ಓದುತ್ತ ಕೂತಿದ್ದೆ. ಅಪ್ಪ ತಲೆಯೆತ್ತಿ ಒಳಗೆ ನೋಡಿ ಸೊಸೆಯನ್ನು ಕೂಗಿದರು.

"ಅವ್ವಾ, ಜರಾ ಬಾ ಇಲ್ಲಿ. ಈ ತಾರು ತೂತಿನ್ಯಾಗ ಹೋಗವಲ್ದು. ನೀ ಹಾಕಿ ನೋಡು."

ಚಿಂಚೋಳಿ ಕಡೆಯವಳಾದ ನನ್ನ ಹೆಂಡತಿ ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಬಂದು ಕೂತು, ವೈರಿನಿಂದ ಎಳೆದ ತಾಮ್ರದ ಎಳೆಯನ್ನು ಸೂಜಿಗೆ ದಾರ ಪೋಣಿಸಿದಂತೆ ಒಂದೇ ಸಲಕ್ಕೆ ಪೋಣಿಸಿದಳು.

"ಹಾಂ! ಜೋರು ಮಾಡಬ್ಯಾಡ ಮತ್ತ. ಹಿತ್ತಾಳಿ ಭಾಳ ಮೆತ್ತಗ. ಕೂಸಿನ ಕಿವಿ ತೊಳ್ದಂಗ ತೊಳಿಬೇಕು" ಎಂದರು ಅಪ್ಪ.

ಆ ದನಿಯನ್ನು ನಾನು ಎಂದೂ ಕೇಳಿರಲಿಲ್ಲ. ನಾನು ಕಾಲೇಜಿಗೆ ಹೋಗುವಾಗ ಒಮ್ಮೆ ಸ್ಕ್ರೂ ಬಿಗಿ ಮಾಡಲು ಹೋಗಿ ಒಂದು ಕಾರ್ಬೊರೇಟರಿನ ಮೈ ಬಿರುಕು ಬಿಡಿಸಿದ್ದೆ. ಆಗ ನಾಲ್ಕು ಜನರೆದುರು, "ನಿಂದು ಕೈ ಏನ್ ಸುತ್ತಿಗಿ ಏನಲೇ? ನಡಿ, ಪೆನ್ನು ಹಿಡಿ ಹೋಗು" ಅಂದಿದ್ದರು. ನಾನು ಹೋಗಿ ಪೆನ್ನು ಹಿಡಿದೆ. ಅಪ್ಪನ ಸಾಮಾನಿನ ಹತ್ತಿರ ಮತ್ತೆ ಸುಳಿಯಲಿಲ್ಲ.

ಅಂದಿನಿಂದ ದಿನಾ ಮಧ್ಯಾಹ್ನ ಮಾವ-ಸೊಸೆ ಗೋಣಿತಟ್ಟಿನ ಮೇಲೆ ಜೊತೆಯಾಗಿ ಕೂರತೊಡಗಿದರು. ನಾನು ಕೋರ್ಟಿನಿಂದ ಬರುವ ಹೊತ್ತಿಗೆ ಇಬ್ಬರೂ ನಗುತ್ತಿರುತ್ತಿದ್ದರು. ಖಣಿಯಲ್ಲಿ ನೀರು ನುಗ್ಗಿದ್ದು, ಕೂಲಿಯವರ ಮೇಲಿನ ಮುಕಾದಮ ಹೆದರಿ ಕಲ್ಲಿನ ಲಾರಿಯಡಿ ಅಡಗಿದ್ದು ಇಂಥ ಕತೆಗಳನ್ನೆಲ್ಲ ನಾನು ಕೇಳಿದ್ದು ಹೆಂಡತಿಯ ಬಾಯಿಂದ. ಮಗನಿಗೆ ಹೇಳದ ಕತೆಗಳು ಅಪ್ಪನಲ್ಲಿ ಎಷ್ಟೊಂದಿದ್ದವು! ಯಾರಾದರೂ ಯಂತ್ರ ತಂದರೆ ಅಪ್ಪ, "ನಮ್ಮ ಸೊಸಿ ಕೈ ನೋಡ್ರಿ ಒಮ್ಮಿ" ಎನ್ನುತ್ತಿದ್ದರು. ನನ್ನ ಎದೆಯಲ್ಲಿ ಮೆಣಸಿನಕಾಯಿ ಹುರಿದಂತಾಗುತ್ತಿತ್ತು.

ಸೇಡಂಗೆ ಹೋದಾಗ ಸಣ್ಣ ಸ್ಕ್ರೂಡ್ರೈವರುಗಳ ಒಂದು ಸೆಟ್ಟು ಕೊಂಡು ತಂದೆ. ಮೊಬೈಲಿನಲ್ಲಿ ವಿಡಿಯೋ ನೋಡಿ ಹೆಸರುಗಳನ್ನೆಲ್ಲ ಬಾಯಿಪಾಠ ಮಾಡಿದೆ. ಒಂದು ಸಂಜೆ ಧೈರ್ಯ ಮಾಡಿ ಅವರ ನಡುವೆ ಹೋಗಿ ಕೂತೆ. ಅಪ್ಪ ನೋಡದೆಯೇ, "ಜರಾ ಸರಿ, ಬೆಳಕಿಗಿ ಅಡ್ಡ ಬಂದಿ" ಎಂದರು. ಸರಿದೆ.

ತೊಗರಿ ಹೂವು ಬಿಟ್ಟ ದಿನಗಳವು. ತೆಂಗಳಿಯ ರೈತರೊಬ್ಬರು ಬೆಳಗಿನ ಬಸ್ಸಿಗೆ ಪಂಪು ಹೊತ್ತು ತಂದರು. ಹೂವಿಗೆ ಹುಳ ಬಿದ್ದಿತ್ತು, ಅವತ್ತೇ ಔಷಧ ಹೊಡೆಯಬೇಕಿತ್ತು. ಹೆಂಡತಿ ಕಾರ್ಬೊರೇಟರ್ ಬಿಚ್ಚಿ ತೊಳೆದು ಭಾಗಗಳನ್ನು ಸ್ಟೀಲಿನ ತಾಟಿನಲ್ಲಿ ಸಾಲಾಗಿಟ್ಟಳು. ಅಷ್ಟರಲ್ಲಿ ಹಾಲು ಉಕ್ಕುವ ಸದ್ದಾಗಿ ಒಳಗೆ ಓಡಿದಳು. ಅಪ್ಪ ಕೈ ತೊಳೆಯಲು ನಲ್ಲಿಗೆ ಹೋದರು. ರೈತರು ಕಟ್ಟೆಯ ಮೇಲೆ ಬೀದಿಗೆ ಮುಖ ಮಾಡಿ ಕೂತಿದ್ದರು. ನಾನು ಕೋರ್ಟಿಗೆ ಹೊರಟು ನಿಂತಿದ್ದವನು ಬಗ್ಗಿ ಜೆಟ್ಟನ್ನು ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡೆ.

ಅವಳು ಒಮ್ಮೆ ಬೈಸಿಕೊಳ್ಳಲಿ ಎಂಬುದಷ್ಟೇ ನನ್ನ ಆಸೆಯಾಗಿತ್ತು. ಅದೂ ಅಪ್ಪನಿಂದ, ಬೇರೆಯವರೆದುರು.

ಒಳಗಿಂದ ಬಂದ ಅವಳಿಗೆ ತಾಟಿನಲ್ಲಿ ಜೆಟ್ಟು ಕಾಣಲಿಲ್ಲ. ಅಪ್ಪ ಬೈಯಲಿಲ್ಲ. ತಾಟು ನೋಡಿದರು, ತಮ್ಮ ಕೈಗಳನ್ನು ನೋಡಿಕೊಂಡರು. ಮೆಲ್ಲಗೆ ಮೊಣಕಾಲೂರಿ ಫರಸಿಯ ಸಂದುಗಳಲ್ಲಿ ಅಂಗೈ ಆಡಿಸತೊಡಗಿದರು.

"ನೀ ಚಲೋ ಇಟ್ಟಿದ್ದಿ ಅವ್ವ. ಏಳೋ ಮುಂದ ನನ್ನ ಕೈಯೇ ತಾಟಿಗಿ ಬಡದಿರಬೇಕು. ಈ ಕೈ ಕೆಲಸದಿಂದ ಹೋದ್ವು. ಇನ್ನ ಬಂದ್ ಮಾಡೋದೇ ಖರೆ."

"ಇಲ್ಲೇ ಇರ್ತದ ತಗೋರಿ, ಸಾವಕಾಶ ಹುಡುಕ್ರಿ" ಎನ್ನುತ್ತ ಆ ರೈತರೂ ನೆಲಕ್ಕೆ ಬಾಗಿದರು. ಎಪ್ಪತ್ತು ದಾಟಿದ ಅಪ್ಪ ಅಂಬೆಗಾಲಿಕ್ಕಿ ಹೊಸ್ತಿಲವರೆಗೆ ತೆವಳಿದ್ದನ್ನು ನಾನು ನಿಂತು ನೋಡಿದೆ. ತಡೆಯಲಾಗಲಿಲ್ಲ. ನಾನೂ ಬಗ್ಗಿ, ಹುಡುಕುವಂತೆ ನಟಿಸಿ, ಜೇಬಿನಿಂದ ಮೆಲ್ಲಗೆ ತೆಗೆದ ಜೆಟ್ಟನ್ನು ಬಾಗಿಲ ಮೂಲೆಯಿಂದ ಎತ್ತಿದಂತೆ ತೋರಿಸಿದೆ.

"ಶಾಬಾಸ್ ಮಗನ!" ಅಪ್ಪ ನನ್ನ ಭುಜ ಹಿಡಿದು ಅಲ್ಲಾಡಿಸಿದರು. "ನಿನ್ನ ಕಣ್ಣು ಭಾರಿ ಅದಾವ ನೋಡು!"

ನನ್ನ ನಲವತ್ನಾಲ್ಕು ವರ್ಷದಲ್ಲಿ ಅವರು ನನಗೆ ಶಾಬಾಸ್ ಅಂದದ್ದು ಅದೇ ಮೊದಲು. ಹೆಂಡತಿ ಜೆಟ್ಟು ಇಸಿದುಕೊಂಡಳು. ಅವಳ ಕಣ್ಣು ನನ್ನ ಜೇಬಿನ ಮೇಲಿತ್ತು. ಅಲ್ಲಿ ಪೆಟ್ರೋಲಿನ ಹಸಿ ಕಲೆ ಮೂಡಿತ್ತು. ಹತ್ತು ನಿಮಿಷದಲ್ಲಿ ಪಂಪು ಗುಡುಗಿತು, ರೈತರು ಬಸ್ಸು ಹಿಡಿಯಲು ಓಡಿದರು.

ಸಂಜೆ ಅವಳು ಅಂಗಿ ಕೇಳಿದಳು. "ಕೊಡ್ರಿ, ಒಗೀಬೇಕು. ವಾಸನಿ ಹೊಡ್ಯಾಕತ್ತಾದ."

ನಾನು ಅಂಗಿ ಬಿಚ್ಚಿ ಕೊಟ್ಟೆ.

"ನನಗ ಬೈಸಬೇಕಂತ ಮಾಡಿದ್ರೇನು?"

"ನಿನಗ ಅವರು ಒಂದು ದಿನಾನೂ ಬೈದಿಲ್ಲ" ಎಂದೆ. ನನ್ನ ದನಿ ನನಗೇ ಹೇಸಿಗೆಯಾಗಿ ಕೇಳಿಸಿತು.

"ಅದಕ್ಕ ನಾ ಏನ್ ಮಾಡ್ಲಿ? ಮಾವಾರು ಮುಂಜಾನಿಂದ ಪಾನಾ-ಸ್ಕ್ರೂಡ್ರೈವರ್ ಮುಟ್ಟಿಲ್ಲ. ನೀವೇ ಹೇಳ್ರಿ ಅವರಿಗಿ. ನಾ ಹೇಳೋದಿಲ್ಲ."

ಹೇಳಲು ನನಗೆ ಮೂರು ದಿನ ಹಿಡಿಯಿತು. ಆ ಮೂರು ದಿನ ಅಪ್ಪ ಗೋಣಿತಟ್ಟು ಹಾಸಲಿಲ್ಲ. ನಾಲ್ಕನೆಯ ದಿನ, ವಾಡಿಯಲ್ಲಿ ಗ್ಯಾರೇಜಿಟ್ಟಿರುವ ಪರಿಚಯದವರಿಗೆ ಕೊಟ್ಟುಬಿಡುವುದಾಗಿ ಹೇಳಿ ಸಾಮಾನನ್ನೆಲ್ಲ ಡಬ್ಬಿಗೆ ತುಂಬತೊಡಗಿದರು. ಆಗ ಹೇಳಿದೆ.

ಅವರು ಮೊದಲು ಕೇಳಿದ್ದು ಒಂದೇ ಮಾತು: "ಅಂದ್ರ ನನ್ನ ಕೈ ಬೀಳಿಸಿಲ್ಲ?"

"ಇಲ್ಲಪ್ಪ."

ಉಸಿರು ಬಿಟ್ಟರು. ಆಮೇಲೆ ಸಿಟ್ಟು ಬಂತು. "ಆ ರೈತನ ಬೆಳಿ ಹಾಳಾಗಿದ್ರ? ಕಳ್ಳಾ! ಹೊಟ್ಟಿಕಿಚ್ಚಿತ್ತಂದ್ರ ಆಗೇ ಕೇಳಬೇಕಿತ್ತು, ನನಗೂ ಕಲಿಸು ಅಂತ."

"ಆಗ ನಿನಗ ಅಂಜ್ತಿದ್ದೆ" ಎಂದೆ.

ಅಪ್ಪ ಬಹಳ ಹೊತ್ತು ಡಬ್ಬಿಯ ಮುಚ್ಚಳವನ್ನು ಬೆರಳಿನಿಂದ ಒರೆಸುತ್ತ ಕೂತರು. ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಡಬ್ಬಿ ತೆರೆದು ಸೊಸೆಯನ್ನು ಕೂಗಿದರು. ಸ್ವಲ್ಪ ತಡೆದು, "ನೀನೂ ಬಾ. ಆ ಕಡಿ ಕುಂದ್ರು" ಎಂದರು.

ಕೂತೆ. ಕಲಿತೆ ಕೂಡ, ಆದರೆ ಅವಳಷ್ಟು ಅಲ್ಲ. ಅವಳು ಇಂಜಿನ್ನಿನ ಸದ್ದು ಕೇಳಿಯೇ ಗಾಳಿಯ ಸ್ಕ್ರೂ ಎಷ್ಟು ತಿರುಗಿಸಬೇಕು ಅಂತ ಹೇಳುತ್ತಾಳೆ. ನನಗೆ ಎಲ್ಲ ಸದ್ದೂ ಒಂದೇ. ಅಪ್ಪ ಮತ್ತೊಮ್ಮೆ ಶಾಬಾಸ್ ಅಂದಿಲ್ಲ. ಅವರಿಬ್ಬರೂ ನಕ್ಕಾಗ ಈಗಲೂ ಎದೆಯಲ್ಲಿ ಏನೋ ಚುರ್ ಎನ್ನುತ್ತದೆ.

ಮೊನ್ನೆ ಆಡಕಿಯಿಂದ ಗಂಡ-ಹೆಂಡತಿ ಮೊಪೆಡ್ಡು ತಳ್ಳಿಕೊಂಡು ಬಂದರು. ಅಪ್ಪ ಮಲಗಿದ್ದರು, ನನ್ನ ಹೆಂಡತಿ ಸಂತೆಗೆ ಹೋಗಿದ್ದಳು.

"ಕಾರ್ಬೊರೇಟರ್ ಅಕ್ಕಾರು ಅದಾರೇನ್ರಿ?"

ನಾನೇ ಬಿಚ್ಚುತ್ತೇನೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಕುಂದ್ರಿ, ಬರ್ತಾಳ" ಎಂದು ಒಳಗೆ ಹೋಗಿ ಅವರಿಗೆ ನೀರು ತಂದುಕೊಟ್ಟೆ.