ಮೂರು ಲೋಕಲ್ ಹೋಗುವ ತನಕ

ಆ ಕಾಲದಲ್ಲಿ ನಮ್ಮ ಚಾಳಿನ ಹದಿನಾರು ಮನೆಗಳಿಗೆ ಎರಡೇ ಗಡಿಯಾರಗಳಿದ್ದವು. ಒಂದು ನಿಂತುಹೋಗಿತ್ತು, ಇನ್ನೊಂದರ ಯಜಮಾನ ಅದನ್ನು ಕೈಗೆ ಕಟ್ಟಿಕೊಂಡು ಡ್ಯೂಟಿಗೆ ಹೋಗಿಬಿಡುತ್ತಿದ್ದ. ಹೀಗಾಗಿ ಆಂಟಾಪ್ ಹಿಲ್‌ನ ನಮ್ಮ ಓಣಿಯ ಹೆಂಗಸರು ಹೊತ್ತು ಅಳೆಯುತ್ತಿದ್ದದ್ದು ಹಾರ್ಬರ್ ರೈಲು ಲೈನಿನ ಲೋಕಲ್‌ಗಳಿಂದ. ವಡಾಲಾ ಕಡೆಗೆ ಹೋಗುವ ಗಾಡಿಗಳನ್ನು ಮಾತ್ರ ಎಣಿಸಬೇಕು, ಬರುವವನ್ನು ಬಿಡಬೇಕು. ಅನ್ನಕ್ಕೆ ಒಂದು ಲೋಕಲ್, ತೊಗರಿಬೇಳೆಗೆ ಎರಡು. ನಮ್ಮ ಮನೆಯ ದ್ರಾಕ್ಷಿ ರಸದ ಬಾಟಲಿಗಳಿಗೆ ಮೂರು.

ಆ ದ್ರಾಕ್ಷಿ ರಸದ ಮಾತು ಬಂದರೆ ಈ ವಯಸ್ಸಿನಲ್ಲೂ ನನ್ನ ಎದೆ ಉಬ್ಬುತ್ತದೆ. ಒಂದೇ ಕೋಣೆ, ಮೂಲೆಯಲ್ಲೊಂದು ಮೋರಿ, ಆರು ಜನ. ಅಂಥ ಮನೆಯಿಂದ ಒಂದೇ ದಿನದಲ್ಲಿ ಅರವತ್ತು ಬಾಟಲಿ ರಸ ಹೊರಬೀಳುತ್ತಿತ್ತು ಎಂದರೆ ಈಗಿನವರು ನಂಬುವುದಿಲ್ಲ. ಬಾಟಲಿಯನ್ನು ಬಿಸಿಲಿಗೆ ಹಿಡಿದರೆ ಒಳಗೆ ಕಪ್ಪು, ಅಂಚಿನಲ್ಲಿ ಕೆಂಪು. ತಳದಲ್ಲಿ ಒಂದು ಚೂರು ಸಿಪ್ಪೆಯೂ ಇರುತ್ತಿರಲಿಲ್ಲ. ಬಸವ ಜಯಂತಿಯ ದಿನ ಇಡೀ ಚಾಳು ನಮ್ಮ ಬಾಗಿಲಿಗೆ ಬಂದು ಅದನ್ನು ಕುಡಿಯುತ್ತಿತ್ತು. ವಿಜಾಪುರದ ಕಡೆಯಿಂದ ಕೂಲಿ ಅರಸಿ ಬಂದವರು ನಾವು, ಆದರೆ ಆ ಒಂದು ದಿನ ಊರಿಗೆಲ್ಲ ಕೊಡುವವರಾಗುತ್ತಿದ್ದೆವು.

ಅಪ್ಪ ಹಣ್ಣಿನ ಹೋಲ್‌ಸೇಲ್ ಮಾರ್ಕೆಟ್ಟಿನಲ್ಲಿ ಬುಟ್ಟಿ ಎತ್ತುವ ಕೆಲಸದಲ್ಲಿದ್ದರು. ಸುಗ್ಗಿಯ ಕೊನೆಗೆ ಬರುವ ದ್ರಾಕ್ಷಿ ಸಕ್ಕರೆಯಷ್ಟು ಸಿಹಿ, ಆದರೆ ಗೊಂಚಲು ಬಿಟ್ಟು ಉದುರುತ್ತದೆ. ಉದುರಿದ್ದನ್ನು ಗಿರಾಕಿಗಳು ಮುಟ್ಟುವುದಿಲ್ಲ. ಮಾರ್ಕೆಟ್ಟಿನ ಸೇಠ್ ಅದನ್ನು ಹಮಾಲರಿಗೆ ಬಿಟ್ಟುಕೊಡುತ್ತಿದ್ದ. ಹೋಳಿ ಹುಣ್ಣಿಮೆ ಕಳೆದ ಮೇಲೆ ಒಂದು ಶನಿವಾರ ಸಂಜೆ ಅಪ್ಪ ಏಳೆಂಟು ಬುಟ್ಟಿ ಕರಿ ದ್ರಾಕ್ಷಿ ಹೇರಿಕೊಂಡು ಬಂದರೆ, ಭಾನುವಾರ ನಮ್ಮ ಮನೆಯಲ್ಲಿ ಹಬ್ಬ.

ಈ ಹಬ್ಬವನ್ನು ಮನೆಗೆ ತಂದವಳು ನೀಲಮ್ಮ ಕಾಕಿ, ಅಪ್ಪನ ತಮ್ಮನ ಹೆಂಡತಿ. ಮದುವೆಗೆ ಮುಂಚೆ ತವರಿನಲ್ಲಿ ಆಕೆ, ಸರ್ಕಾರದವರು ಹೆಣ್ಣುಮಕ್ಕಳಿಗಾಗಿ ನಡೆಸಿದ ಒಂದು ತಿಂಗಳ ತರಬೇತಿಗೆ ಹೋಗಿ ಹಣ್ಣಿನ ರಸ ಕೆಡದಂತೆ ಇಡುವುದನ್ನು ಕಲಿತಿದ್ದಳು. ಅದರ ಸರ್ಟಿಫಿಕೇಟನ್ನು ಟ್ರಂಕಿನಲ್ಲಿ ಧಾರೆಯ ಸೀರೆಯ ಮಡಿಕೆಯಲ್ಲಿ ಇಟ್ಟುಕೊಂಡಿದ್ದಳು. ಆಕೆ ಬಂದ ಮೊದಲ ವರ್ಷ ಹನ್ನೆರಡು ಬಾಟಲಿ, ಎರಡನೆಯ ವರ್ಷ ನಲವತ್ತು, ಮೂರನೆಯ ವರ್ಷ ಅರವತ್ತು. ನಾನು ಹೇಳಬೇಕಾಗಿರುವುದು ಆ ಮೂರನೆಯ ವರ್ಷದ ಮಾತು. ಆಗ ನನಗೆ ಹನ್ನೊಂದು.

ಬಾಟಲಿಗಳು ಬರುತ್ತಿದ್ದದ್ದು ಭಂಗಾರದ, ಅಂದರೆ ಗುಜರಿ ಸಾಮಾನಿನ, ಅಂಗಡಿಯಿಂದ. ಔಷಧಿಯವು, ಸಾಸ್‌ನವು, ಗುಲಾಬಿ ನೀರಿನವು. ಕದ್ದುಮುಚ್ಚಿ ಕುಡಿದವರು ಎಸೆದ ದಾರೂ ಬಾಟಲಿಗಳೂ ಸೇರಿರುತ್ತಿದ್ದವು. ಅಪ್ಪನ ತಾಯಿ, ನಮ್ಮ ಆಯಿ, ದಾರೂ ಬಾಟಲಿಗಳನ್ನು ಮೂಸಿಯೇ ಗುರುತು ಹಿಡಿದು, ಸೋಡಾ ಹಾಕಿದ ನೀರಿನಲ್ಲಿ ಎರಡೆರಡು ಸಲ ಕುದಿಸುತ್ತಿದ್ದಳು. "ನಾಲ್ಕು ಸಲ ಕುದಿಸಿದ್ರೂ ಇವು ದೇವರ ಜಗಲಿ ಕಡೆ ಬರಬಾರದು ನೋಡು" ಎಂದು ಬೇರೆ ಇಡುತ್ತಿದ್ದಳು.

ಬೆಳಗಿನಿಂದ ಎಲ್ಲರೂ ಹಣ್ಣು ಆರಿಸುವುದು. ಆಮೇಲೆ ಅವ್ವ ದೊಡ್ಡ ಭಗೋಣಿಯಲ್ಲಿ ಅವನ್ನು ಬೇಯಿಸುವುದು, ಕಾಕಾ ಕಟ್ಟಿಗೆಯ ಸೌಟಿನಿಂದ ಹಿಸುಕುವುದು, ಅಪ್ಪನ ಹಳೆಯ ಧೋತರದಲ್ಲಿ ಕಟ್ಟಿ ರಸ ಇಳಿಯಬಿಡುವುದು. ಚಾಳಿನ ಈ ತುದಿಯಿಂದ ಆ ತುದಿಯವರೆಗೆ ಬೆಂದ ದ್ರಾಕ್ಷಿಯ ಹುಳಿಸಿಹಿ ವಾಸನೆ. ನೊಣಗಳನ್ನು ಓಡಿಸುವ ಕೆಲಸ ಓಣಿಯ ಮಕ್ಕಳದು, ಸಂಬಳ ಒಂದೊಂದು ಬೊಗಸೆ ಹಣ್ಣು. ಸಂಜೆಯ ಹೊತ್ತಿಗೆ ನಮ್ಮೆಲ್ಲರ ಕೈ, ತುಟಿ ನೇರಳೆ ಬಣ್ಣ.

ಬಾಟಲಿ ತುಂಬಿ, ಬೂಚು ಬಿಗಿದು, ಬೂಚು ಹಾರದಂತೆ ನೂಲಿನಿಂದ ಕಟ್ಟುವುದು ಕಾಕಿಯ ಕೈಕೆಲಸ. ಕಾಕಾ ಬಟ್ಟೆ ಗಿರಣಿಯಲ್ಲಿದ್ದದ್ದರಿಂದ ಬಣ್ಣದ ನೂಲಿಗೆ ಬರವಿರಲಿಲ್ಲ. ಪಕ್ಕದ ಮನೆಯ ಹಸೀನಾ ಖಾಲಾರ ನೀರಿನ ಡ್ರಮ್ಮನ್ನು ಚಾಳಿನ ಹಿಂದೆ ಇಟ್ಟಂಗಿ ಒಲೆಯ ಮೇಲೆ ಏರಿಸಿ, ತಳಕ್ಕೆ ಗೋಣಿತಾಟು ಹಾಸಿ, ಬಾಟಲಿಗಳು ಒಂದಕ್ಕೊಂದು ಬಡಿಯದಂತೆ ದ್ರಾಕ್ಷಿ ಬುಟ್ಟಿಯ ಹುಲ್ಲನ್ನೇ ನಡುವೆ ತುರುಕುತ್ತಿದ್ದರು. ಕತ್ತಿನವರೆಗೆ ನೀರು. ಒಂದು ಸಲಕ್ಕೆ ಇಪ್ಪತ್ತು ಬಾಟಲಿ. ಮೊದಲ ಸಲದವಕ್ಕೆ ಬಿಳಿ ನೂಲು, ಎರಡನೆಯ ಸಲದವಕ್ಕೆ ಕೆಂಪು, ಮೂರನೆಯ ಸಲದವಕ್ಕೆ ಹಸಿರು. ನೀರು ಕೊತಕೊತ ಕುದಿಯತೊಡಗಿದ ಮೇಲೆ ಮೂರು ಲೋಕಲ್ ಹೋಗಬೇಕು. ಆಮೇಲೆ ತೆಗೆದು ಬಾಯಿಗೆ ಮೇಣ.

ಲೋಕಲ್ ಎಣಿಸುವ ಕೆಲಸ ನನ್ನದು. ಹಿಂದಿನ ಗೋಡೆ ಹತ್ತಿ ಕೂತರೆ ಹಳಿ ಕಾಣುತ್ತಿತ್ತು.

"ಈರ್ಯಾ, ನಿನ್ನ ಕೆಲಸಾನ ಎಲ್ಲಾರಿಗಿಂತ ದೊಡ್ಡದು" ಎಂದಿದ್ದಳು ಕಾಕಿ. "ನಾವು ಎಷ್ಟ ಚಂದ ಮಾಡಿದ್ರೂ ಲೆಕ್ಕ ತಪ್ಪಿದ್ರ ಎಲ್ಲಾ ಹಾಳು."

ಬಿಳಿ ನೂಲಿನವಕ್ಕೂ ಕೆಂಪು ನೂಲಿನವಕ್ಕೂ ನಾನು ಸರಿಯಾಗಿಯೇ ಎಣಿಸಿದೆ. ಹಸಿರಿನ ಸರದಿ ಬಂದಾಗ ಇಳಿಹೊತ್ತು. ಪಕ್ಕದ ಓಣಿಯ ಹುಡುಗರೊಂದಿಗೆ ನಮ್ಮ ಕ್ರಿಕೆಟ್ ಪಂದ್ಯ ಆಗಲೇ ಶುರುವಾಗಿತ್ತು. ಬೌಲಿಂಗ್ ನನ್ನದು. ಮೈದಾನದಿಂದ ಕೂಗುತ್ತಿದ್ದರು: "ಈರ್ಯಾ, ಆತಾ ಹೈ ಕ್ಯಾ? ಇಲ್ಲಾಂದ್ರ ಬೇರೆಯವನ್ನ ತಗೋತೀವಿ!"

ಒಂದು ಲೋಕಲ್ ಹೋಯಿತು. ಭಾನುವಾರ ಗಾಡಿಗಳು ವಿರಳ. ನಾನು ಹಳಿಯನ್ನೇ ನೋಡಿದೆ, ಮೈದಾನವನ್ನು ನೋಡಿದೆ. ಗೋಡೆಯಿಂದ ಧುಮುಕಿ ಕೂಗಿದೆ:

"ಮೂರೂ ಹೋದವು ಕಾಕಿ!"

"ಇಷ್ಟ ಲಗೂ?"

"ಎರಡು ಒಂದರ ಬೆನ್ನಿಗೊಂದು ಬಂದ್ವು."

ಕಾಕಿ ನನ್ನ ಮುಖ ನೋಡಿದಳು. ಹೊಗೆಯಿಂದ ಆಕೆಯ ಕಣ್ಣು ಕೆಂಪಾಗಿದ್ದವು. "ನೀ ಎಣಿಸೀದಿ ಅಂದ್ರ ಆತು" ಎಂದು ಕೊಳ್ಳಿಗಳನ್ನು ಹಿಂದಕ್ಕೆಳೆದಳು. ಆ ಸಂಜೆ ನಾನು ನಾಲ್ಕು ವಿಕೆಟ್ ತೆಗೆದೆ.

ಹತ್ತು ದಿನ ಏನೂ ಆಗಲಿಲ್ಲ. ಬಾಟಲಿಗಳೆಲ್ಲ ಆಯಿಯ ಮಂಚದ ಕೆಳಗೆ ಸಾಲಾಗಿ ನಿಂತಿದ್ದವು. ಹನ್ನೊಂದನೆಯ ದಿನ ಮಧ್ಯಾಹ್ನ ಆಯಿ ಮಲಗಿದ್ದಾಗ ಮಂಚದ ಕೆಳಗೆ ಢಂ ಎಂದಿತು. ಬೂಚು ಮಂಚದ ಪಟ್ಟಿಗೆ ಬಡಿದು ಬಾಗಿಲಾಚೆ ಹಾರಿತು. ಆಯಿ "ಶಿವಶಿವಾ" ಎಂದು ಎದ್ದು ಕೂರುವಷ್ಟರಲ್ಲಿ ಇನ್ನೊಂದು, ಅದರ ಹಿಂದೆ ಮತ್ತೊಂದು. ಗೋಡೆಯ ಮೇಲೆಲ್ಲ ನೇರಳೆ ನೊರೆ. ಇಡೀ ಕೋಣೆ ದಾರೂ ಭಟ್ಟಿಯ ಹಾಗೆ ನಾರುತ್ತಿತ್ತು.

ಹಸೀನಾ ಖಾಲಾ ಸೆರಗು ಬಾಯಿಗಿಟ್ಟುಕೊಂಡು ಓಡಿ ಬಂದರು. "ಹಾಯ್ ಅಲ್ಲಾ, ಮೌಶಿ! ದಿವಾಳಿ ಇನ್ನಾ ದೂರ ಐತಿ, ಈಗ್ಲೇ ಪಟಾಕಿ ಹಚ್ಚೀರೇನು?"

ಚಾಳು ನಕ್ಕಿತು. ಆಯಿ ನಗಲಿಲ್ಲ. ಪಾನನಿಷೇಧದ, ದಾರೂಬಂದಿಯ ಕಾಲ ಅದು. ವಾಸನೆ ಹಿಡಿದು ಪೊಲೀಸರು ಬಂದಾರು ಎಂಬ ಹೆದರಿಕೆ ಒಂದು ಕಡೆ, ಮರ್ಯಾದೆ ಇನ್ನೊಂದು ಕಡೆ. ಆಕೆ ಕಾಕಿಯತ್ತ ತಿರುಗಿದಳು.

"ರಸಾ ಮಾಡಿದ ಮರುದಿನ ಸೋಮವಾರ ನೀ ಮುಟ್ಟಾಗೀನಿ ಅಂದಿ. ಆಗಿದ್ದು ರವಿವಾರಾನ. ಹೇಳಲಾರದ ಬಾಟ್ಲಿ ಮುಟ್ಟಿ ಕೆಡಿಸೀದಿ."

"ಇಲ್ಲ ಅತ್ತಿ, ಸೋಮವಾರ ಮುಂಜಾನೇನ ಆಗಿದ್ದು. ಆದ್ರೂ, ಕೊಳ್ಳಾಗ ಲಿಂಗ ಇದ್ದವ್ರಿಗೆ ಮುಟ್ಟಿಲ್ಲ ಅಂತ ನೀವ ಹೇಳ್ತಿದ್ರೆಲ್ಲ?"

"ದೇವರಿಗೆ ಇಲ್ಲ" ಎಂದಳು ಆಯಿ. "ಉಪ್ಪಿನಕಾಯಿಗೆ ಐತಿ."

ಆಯಿಯ ಈ ಮಾತಿಗೆ ಅಪ್ಪ ಕೂಡ ಮುಖ ತಿರುಗಿಸಿ ನಕ್ಕರು. ಆದರೆ ತೀರ್ಪು ತೀರ್ಪೇ. ಇನ್ನು ಮುಂದೆ ನೀಲಮ್ಮ ರಸದ ಕೆಲಸಕ್ಕೆ ಕೈ ಹಾಕಬಾರದು, ಬಸವ ಜಯಂತಿಗೆ ಆಕೆಯ ಕೈಯಿಂದ ಯಾರಿಗೂ ಒಂದು ಲೋಟ ಹೋಗಬಾರದು.

ಹಾರಿದ್ದನ್ನೂ ಹಾರಲಿದ್ದದ್ದನ್ನೂ ಕಾಕಿಯೇ ಒಂದೊಂದಾಗಿ ಮೋರಿಗೆ ಸುರಿದಳು. ಬಿಳಿ ನೂಲಿನ ಒಂದು ಬಾಟಲಿಯೂ ಕೆಟ್ಟಿರಲಿಲ್ಲ, ಕೆಂಪಿನದೂ ಇಲ್ಲ. ಕೊನೆಗೆ ಆಕೆಯ ಅಂಗೈಯಲ್ಲಿ ಇಪ್ಪತ್ತು ಹಸಿರು ನೂಲು ಉಳಿದವು. ಅವನ್ನು ನೋಡಿದಳು. ತಲೆಯೆತ್ತಿ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. ಆಕೆ ಆ ನೂಲುಗಳನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ನೆಲ ಒರೆಸಲು ಹೋದಳು.

ಬಸವ ಜಯಂತಿಯ ದಿನ ನಲವತ್ತು ಬಾಟಲಿಗಳನ್ನೇ ನೀರು ಬೆರೆಸಿ ಚಾಳಿಗೆಲ್ಲ ಸಾಲುವಂತೆ ಮಾಡಿದೆವು. ಜನ ಲೋಟ ಎತ್ತಿ "ಹೋದ ವರ್ಷಕ್ಕಿಂತ ಫಸ್ಟ್‌ಕ್ಲಾಸ್ ಆಗೇತ್ರೀ" ಎನ್ನುತ್ತಿದ್ದರು. ಅದನ್ನು ಮಾಡಿದವಳು ಒಳಗೆ ಬಾಗಿಲ ಸಂದಿಯಲ್ಲಿ ನಿಂತು, ಲೋಟಗಳು ಖಾಲಿಯಾಗುವುದನ್ನು ನೋಡುತ್ತಿದ್ದಳು. ತಟ್ಟೆ ಹಿಡಿದು ನಾನು ಆಕೆಯ ಮುಂದಿನಿಂದಲೇ ಹತ್ತು ಸಲ ಹಾದು ಹೋದೆ. ಹತ್ತು ಸಲವೂ ಹೇಳಿಬಿಡಬೇಕು ಎನಿಸಿತು. ಹೇಳಲಿಲ್ಲ. ಅಪ್ಪ ಹೊಡೆಯುತ್ತಾರೆ ಎಂದಲ್ಲ. ಎಲ್ಲರಿಗಿಂತ ದೊಡ್ಡ ಕೆಲಸ ನನ್ನ ಕೈಯಿಂದ ಹೋಗುತ್ತದೆ ಎಂದು.

ಮರುವರ್ಷ ದ್ರಾಕ್ಷಿ ಬಂತು. ಬೇಯಿಸುವುದನ್ನು ಅವ್ವ ಬಲ್ಲಳು, ಆದರೆ ಎಷ್ಟು ಬಿಸಿಯಲ್ಲಿ ತುಂಬಬೇಕು, ಬೂಚು ಎಷ್ಟು ಬಿಗಿಯಬೇಕು ಎಂಬುದು ಆಕೆಗೆ ಗೊತ್ತಿರಲಿಲ್ಲ. ಏಳು ಬುಟ್ಟಿ ಹಣ್ಣು ಕಣ್ಣೆದುರಿಗೆ ಕೊಳೆಯುವ ಹಾಗಾದಾಗ ಆಯಿ ಗೋಡೆಯ ಕಡೆ ಮುಖ ಮಾಡಿ, "ಗೊತ್ತಿದ್ದಾಕಿ ಸುಮ್ನ ಕುಂತ್ರ ಹೆಂಗ?" ಎಂದಳು. ಆಯಿಯ ಮಟ್ಟಿಗೆ ಅದು ಕ್ಷಮೆ ಕೇಳಿದ ಹಾಗೆ.

"ಮಾಡ್ತೀನಿ ಅತ್ತಿ" ಎಂದಳು ಕಾಕಿ, "ಆದ್ರ ಲೋಕಲ್ ಎಣಿಸಾಂವ ಈರ್ಯಾನ ಇರಬೇಕು."

ಕಾಕಿ ನನ್ನನ್ನು ಗೋಡೆಯ ಮೇಲೆ ಕೂರಿಸಿ, ಮೂರು ಬೆಂಕಿಕಡ್ಡಿ ಕೊಟ್ಟಳು. "ಒಂದು ಗಾಡಿ ಹೋದ್ರ ಒಂದು ಕಡ್ಡಿ ಈ ಕಡೆಯಿಂದ ಆ ಕಡೆ ಇಡು. ಅವಸರ ಇಲ್ಲ." ಬಿಳಿ, ಕೆಂಪು ಆದವು. ಹಸಿರಿನ ಸರದಿಯಲ್ಲಿ ಮೂರನೆಯ ಲೋಕಲ್ ಬರುವ ಹೊತ್ತಿಗೆ ನನ್ನ ಕಾಲು ಮರಗಟ್ಟಿದ್ದವು. ಕೊನೆಯ ಕಡ್ಡಿ ಇಟ್ಟು ಇಳಿದು ಬಂದು, "ಮೂರು, ಕಾಕಿ" ಎನ್ನುವಷ್ಟರಲ್ಲಿ ಅಳು ಒತ್ತಿಕೊಂಡು ಬಂತು. ಎಲ್ಲರೂ ತಿರುಗಿ ನೋಡಿದರು.

"ಏನಾತೋ?" ಎಂದರು ಅಪ್ಪ.

"ಏನಿಲ್ರೀ ಭಾವ, ಕಣ್ಣಾಗ ಹೊಗಿ ಹೋಗೇತಿ" ಎಂದು ಕಾಕಿ ಸೆರಗಿನಿಂದ ನನ್ನ ಮುಖ ಒರೆಸಿದಳು. ಆ ಸೆರಗಿನ ದ್ರಾಕ್ಷಿಯ ವಾಸನೆ ನನಗೆ ಇನ್ನೂ ನೆನಪಿದೆ.

ಆ ವರ್ಷ ಅರವತ್ತಕ್ಕೆ ಅರವತ್ತೂ ಉಳಿದವು. ಬಸವ ಜಯಂತಿಗೆ ಲೋಟ ತುಂಬಿಕೊಟ್ಟವಳು ಕಾಕಿಯೇ. ಮುಂದೆ ಅಪ್ಪ ಕೆಲಸ ಬಿಡುವ ತನಕ ಪ್ರತಿ ವರ್ಷ ಮಾಡಿದೆವು. ಒಂದೇ ಒಂದು ಬೂಚು ಹಾರಲಿಲ್ಲ.

ಹಾಗಾದರೆ ಎಲ್ಲ ಸರಿಹೋಯಿತಲ್ಲ ಎನ್ನಬಹುದು. ಇಲ್ಲ. ಹಸೀನಾ ಖಾಲಾರ ತಮಾಷೆಯ ಮಾತು ಕಾಕಿಯ ಹೆಸರಿಗೆ ಅಂಟಿಕೊಂಡಿತ್ತು. ಚಾಳಿಗೂ ಬಂಧುಬಳಗಕ್ಕೂ ಆಕೆ 'ಪಟಾಕಿ ನೀಲವ್ವ'. ಮದುವೆ, ಮುಂಜಿ, ಕುಬಸ, ಎಲ್ಲಿ ನಾಲ್ಕು ಜನ ಕೂಡಿದರೂ ಆಯಿ ಆ ಕಥೆ ಹೇಳಿ, ಮುಟ್ಟಿನ ಮಾತನ್ನು ಸೇರಿಸಿಯೇ ಮುಗಿಸುತ್ತಿದ್ದಳು. ಕಾಕಿ ಜೊತೆಗೇ ನಗುತ್ತಿದ್ದಳು. ಒಮ್ಮೆಯೂ ನನ್ನ ಕಡೆ ನೋಡುತ್ತಿರಲಿಲ್ಲ. ನಾನು ಮ್ಯಾಟ್ರಿಕ್ ಮುಗಿಸಿ, ಫೋರ್ಟಿನ ಕಚೇರಿಯೊಂದರಲ್ಲಿ ಫೈಲು ಹೊತ್ತು, ಮಕ್ಕಳನ್ನು ಓದಿಸಿ, ಘಾಟ್ಕೋಪರಿನಲ್ಲಿ ಮನೆ ಮಾಡಿದೆ. ಇಷ್ಟೆಲ್ಲ ಮಾಡಿದವನಿಗೆ ಆ ಒಂದು ವಾಕ್ಯ ಹೇಳುವುದಾಗಲಿಲ್ಲ. ಮೂರು ವರ್ಷದ ಹಿಂದೆ ಕಾಕಿ ತೀರಿಕೊಂಡಳು. ಮಣ್ಣು ಮಾಡಿ ಬಂದು ಕೂತಾಗ ಯಾರೋ "ಪಟಾಕಿ ಕಾಕಿ ಹೋದ್ಲು ನೋಡ್ರಿ" ಎಂದು ಅದೇ ಕಥೆ ತೆಗೆದರು. ಅಳುತ್ತಿದ್ದವರೂ ನಕ್ಕರು. ಆಗಲೂ ನಾನು ಸುಮ್ಮನಿದ್ದೆ.

ಆ ಇಪ್ಪತ್ತು ಬಾಟಲಿ ಕೆಟ್ಟದ್ದು ಕಾಕಿಯ ಕೈ ಸೋಕಿ ಅಲ್ಲ. ನನ್ನ ಸುಳ್ಳಿನಿಂದ. ಒಂದು ಲೋಕಲನ್ನು ನಾನು ಮೂರು ಎಂದೆ.

ಈ ಬೇಸಿಗೆಯಲ್ಲಿ ಮೊಮ್ಮಗಳನ್ನು ಕೂಡಿಸಿಕೊಂಡು ನಾಲ್ಕು ಬಾಟಲಿ ರಸ ಮಾಡಿದೆ. ಗ್ಯಾಸಿನ ಮೇಲೆ, ಕುಕ್ಕರಿನಲ್ಲಿ. ಅವಳು ಫೋನಿನಲ್ಲಿ ಟೈಮರ್ ಹಚ್ಚಿದಳು. ನಾನು ಕಿಟಕಿಯ ಕಟ್ಟೆಯ ಮೇಲೆ ಮೂರು ಬೆಂಕಿಕಡ್ಡಿ ಇಟ್ಟೆ.

"ಅಜ್ಜಾ, ಯೇ ಕ್ಯಾ ಹೈ?" ಎಂದಳು.

ಹೇಳಿದೆ. ಮೊದಲ ಸಲ, ಬಾಯಿಬಿಟ್ಟು, ಎಲ್ಲವನ್ನೂ.

ಅವಳು ಕಡ್ಡಿಗಳನ್ನು ನೋಡಿದಳು. "ನೀನು ಕಾಕಿಗೆ ಸಾರಿ ಹೇಳಿಲ್ಲ? ಕಭೀ ನಹೀ?"

"ಇಲ್ಲವ್ವ."

ಕಿಟಕಿಯಿಂದ ಲೋಕಲ್ ಎಣಿಸಲು ಕೂತರೆ ಆಗಲಿಲ್ಲ. ಇಲ್ಲಿ ಅಕ್ಕಿ ತೊಳೆಯುವುದರೊಳಗೆ ಐದಾರು ಗಾಡಿಗಳು ಹೋಗಿರುತ್ತವೆ. ಮೇಲೆ ಮೆಟ್ರೋ ಬೇರೆ. ಲೋಕಲ್‌ಗಳಿಗೇನೂ ಕಡಿಮೆ ಇಲ್ಲ, ಅವುಗಳ ನಡುವೆ ಇರುತ್ತಿದ್ದ ಹೊತ್ತು ಹೋಗಿಬಿಟ್ಟಿದೆ. ಡ್ರಮ್ಮು ಕೊಟ್ಟ ಪಕ್ಕದ ಮನೆ, ಕಾಕಾನ ಗಿರಣಿ, ಇಡೀ ಓಣಿ ಲೋಟ ಹಿಡಿದು ನಿಲ್ಲುತ್ತಿದ್ದ ಆ ಬಾಗಿಲು, ಯಾವುದೂ ಇಲ್ಲ. ನಾನು ಕಡ್ಡಿಗಳನ್ನು ಎತ್ತಿಟ್ಟೆ. ಟೈಮರ್ ಕೂಗಿತು. ಮೊಮ್ಮಗಳು ಒಲೆಗೆ ಕೈ ಹಾಕಿದಳು.

"ಇನ್ನಷ್ಟು ಇರಲಿ" ಎಂದೆ. "ಅವಸರ ಇಲ್ಲ."

ನಾಲ್ಕಕ್ಕೂ ಹಸಿರು ನೂಲು ಕಟ್ಟಿ ನನ್ನ ಮಂಚದ ಕೆಳಗೆ ಇಟ್ಟಿದ್ದೇನೆ. ಇವತ್ತಿಗೆ ಎರಡು ತಿಂಗಳು. ಒಂದೂ ಹಾರಿಲ್ಲ, ಕಾಕಿ.